ಮೂರನೆಯ ಕಲ್ಲಿನವರೆಗೆ

ಸಮುದ್ರ ನೋಡಲು ಹೋಗೋಣವೆಂದು ಮನೆಯವರೆಲ್ಲ ಕುಣಿಯುತ್ತಿದ್ದಾಗ ಮುಖ ಗಂಟು ಹಾಕಿಕೊಂಡವಳು ನಾನೊಬ್ಬಳೇ. ಪೊಲೀಸ್ ಕೆಲಸಕ್ಕೆ ಆಳು ಆರಿಸುವ ಭರತಿಯ ಓಟಕ್ಕೆ ಹದಿನೈದೇ ದಿನ ಉಳಿದಿದ್ದವು. ಮೂರು ಕಿಲೋಮೀಟರು ಓಡಬೇಕು, ಅದೂ ಕೊಟ್ಟ ಹೊತ್ತಿನೊಳಗೆ. ನಪಾಸಾದರೆ ಲಗ್ನ ಎಂದು ಮನೆಯಲ್ಲಿ ಮೊದಲೇ ಮಾತಾಗಿತ್ತು. ಆರು ತಿಂಗಳು ನಸುಕಿನಲ್ಲಿ ಎದ್ದು ನಮ್ಮೂರು ಬೆಳುಂಕಿಯ ಬಂಡಿದಾರಿಯಲ್ಲಿ ಗಳಿಸಿದ ದಮ್ಮನ್ನು ನಾಲ್ಕು ದಿನದ ಸುಖಕ್ಕೆ ಕಳೆದುಕೊಳ್ಳಲು ನನಗೇನು ಹುಚ್ಚು ಹಿಡಿದಿತ್ತೇ?

"ನಾ ಬರೂದಿಲ್ಲ" ಎಂದೆ.

"ಹರೇದ ಹುಡುಗಿನ್ನ ಒಬ್ಬಾಕಿನ್ನ ಮನ್ಯಾಗ ಬಿಟ್ಟ ಹೋಗೂದೇನ?" ಎಂದರು ದೊಡ್ಡಪ್ಪ. ಮನೆಯ ಯಜಮಾನರು ಅವರು. ಅವರು ಬಾಯಿ ತೆರೆದರೆ ನನ್ನಪ್ಪ ನೆಲ ನೋಡುತ್ತಿದ್ದ. ಬಾಡಿಗೆ ಜೀಪಿನಲ್ಲಿ ಕಟಕರೊಟ್ಟಿ, ಶೇಂಗಾ ಹಿಂಡಿಯ ಗಂಟುಗಳ ನಡುವೆ ನನ್ನನ್ನೂ ತುರುಕಿದರು. ಓಡುವ ಬೂಟುಗಳನ್ನು ಅವ್ವನ ಸೀರೆಯಲ್ಲಿ ಸುತ್ತಿಟ್ಟುಕೊಂಡೇ ಹತ್ತಿದೆ.

ಕೊಂಕಣದ ಆ ಹಳ್ಳಿಯಲ್ಲಿ ಒಬ್ಬ ಮುದುಕಿಯ ಮನೆಯ ಎರಡು ಕೋಣೆ ಹಿಡಿದಿದ್ದೆವು. ಸಂಜೆ ದಂಡೆಗೆ ಹೋದರೆ ನೀರಿನಂಚಿನ ಉಸುಕು ಸಗಣಿ ಬಳಿದ ಕಣದ ಹಾಗೆ ಗಟ್ಟಿಯಾಗಿತ್ತು. ಖುಷಿಯಾಯಿತು. ಜೀಪಿನ ಮೇಲೆ ಸಾಮಾನು ಕಟ್ಟಿದ್ದ ಹಗ್ಗ ಬಿಚ್ಚಿ ತಂದು, ಹೊಲ ಅಳೆಯುವಂತೆ ಅಳೆದು, ಎರಡೂ ತುದಿಗೆ ಗೂಟ ಬಡಿದೆ. ನಸುಕಿನಲ್ಲಿ ಗುರುತು ಸಿಗಲೆಂದು ಹಗ್ಗವನ್ನೂ ಒಂದು ಗೂಟಕ್ಕೆ ಕಟ್ಟಿ ಬಂದೆ. ನಮ್ಮ ಕಡೆ ಬಡಿದ ಗೂಟ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.

ಬೆಳಿಗ್ಗೆ ಹೋಗಿ ನೋಡಿದರೆ ಸಮುದ್ರ ನಿನ್ನೆ ಎಲ್ಲಿತ್ತೋ ಅಲ್ಲೇ ಇದೆ. ಗೂಟವಿಲ್ಲ, ಹಗ್ಗವೂ ಇಲ್ಲ. ಕಳ್ಳರದೇ ಕೆಲಸ ಎಂದುಕೊಂಡೆ. ಸಿಟ್ಟು ನೆತ್ತಿಗೇರಿತು. ನೇರ ಮುದುಕಿಯ ಅಂಗಳಕ್ಕೆ ಬಂದು, ನಿಮ್ಮೂರಲ್ಲಿ ಗೂಟವನ್ನೂ ಕದಿಯುತ್ತಾರೇನು ಎಂದು ಮರಾಠಿಯಲ್ಲಿ ಜಗಳಕ್ಕೇ ನಿಂತೆ. ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ರಾತ್ರಿ ನೀರು ಏರಿ ಎಲ್ಲವನ್ನೂ ಒಯ್ದು, ಮತ್ತೆ ಇಳಿದಿದೆ ಎಂದಳು. ನೀರು ಬಂದು ಹೋಗುತ್ತದೆಂದು ಮಹಾರಾಷ್ಟ್ರದ ಬರಸೀಮೆ ಜತ್ತದವಳಿಗೆ ಹೇಗೆ ಗೊತ್ತಿರಬೇಕು? ನಮ್ಮಲ್ಲಿ ಹೋದ ನೀರು ಹೋದದ್ದೇ.

ನನ್ನ ಬಾಯಿ ಜೋರಿಗೆ ದೊಡ್ಡಪ್ಪ ಎದ್ದು ಹೊರಗೆ ಬಂದರು. ಹಗ್ಗದ ಕಥೆ ಬಯಲಾಯಿತು, ಪ್ಯಾಂಟು ಬೂಟುಗಳೂ ಕಣ್ಣಿಗೆ ಬಿದ್ದವು.

"ಪರಊರಾಗ, ನಾಕ ಮಂದಿ ಮುಂದ, ಹಿಂಗ ಓಡ್ತಿ? ಇನ್ನೊಮ್ಮಿ ಓಡಿದ್ರ ಭರತಿ ಮಾತ ಇಲ್ಲಿಗೇ ಬಂದ್!"

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ನೆಲ ನೋಡಿದ. ದೊಡ್ಡಪ್ಪನಿಗಿಂತ ಅಪ್ಪನ ಮೇಲೆಯೇ ನನಗೆ ಹೆಚ್ಚು ಸಿಟ್ಟು ಬಂತು.

ಮರುದಿನವೂ ಓಡಿದೆ, ಅದರ ಮರುದಿನವೂ. ದೊಡ್ಡಪ್ಪನ ಮಾತು ಅವರ ಹತ್ತಿರ, ನನ್ನ ಕಾಲು ನನ್ನ ಹತ್ತಿರ. ಅವರು ಪಡಸಾಲೆಯಲ್ಲಿ ಕುಳಿತು ಎಲ್ಲ ನೋಡಿದರು. ಹೊರಡುವ ಹಿಂದಿನ ಸಂಜೆ ಊಟಕ್ಕೆ ಕುಳಿತಾಗ, "ಮುಂಜಾನಿ ಆರಕ್ಕ ಗಾಡಿ ಬಿಡತೈತಿ. ಇಲ್ಲದವರನ್ನ ಬಿಟ್ಟ ಹೋಗೂದ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಕೊನೆಯ ಬೆಳಿಗ್ಗೆ ದಂಡೆಗೆ ಹೋಗಿ ಮೈ ಬಿಸಿ ಮಾಡಿಕೊಳ್ಳುವಷ್ಟರಲ್ಲಿ ಹಾರ್ನ್ ಕೇಳಿತು. ಏರಿ ಬಂದರೆ ಜೀಪು ಅಂಗಳ ದಾಟಿ ಡಾಂಬರು ರಸ್ತೆ ಹಿಡಿದಿತ್ತು. ಅವ್ವ ಹಿಂದಿನಿಂದ ಕೈ ಬೀಸಿ ಕೂಗುತ್ತಿದ್ದಳು. ಓಡಿದೆ. ಸ್ವಲ್ಪ ದೂರ ಹೋಗಿ ಜೀಪು ನಿಧಾನವಾಯಿತು. ದೊಡ್ಡಪ್ಪ ಬಾಗಿಲು ತೆಗೆದರು.

"ಬುದ್ಧಿ ಬಂತೇನ? ಹತ್ತ."

ಆಗಲೇ ರಸ್ತೆಯ ಬದಿಯಲ್ಲಿ ಕಿಲೋಮೀಟರಿನ ಕಲ್ಲು ಕಂಡದ್ದು. ನೀರು ಒಯ್ಯಲಾರದ ಕಲ್ಲು.

"ಇಲ್ಲಿಂದ ಮೂರ ಕಿಲೋಮೀಟರ ಆಗಲಿರಿ, ಹತ್ತತೀನಿ" ಎಂದು ಜೀಪನ್ನು ದಾಟಿ ಮುಂದೆ ಓಡಿದೆ.

ಜೀಪು ಬೇರೆ ದಾರಿಯಿಲ್ಲದೆ ನನ್ನ ಹಿಂದೆ ತೆವಳಿತು. ಡ್ರೈವರು ನಗುತ್ತಿದ್ದ. ನಳದ ಮುಂದಿನ ಹೆಂಗಸರು ಕೊಡ ಬಿಟ್ಟು ನಿಂತು ನೋಡಿದರು, ಚಹಾ ಅಂಗಡಿಯವರು ಹೊರಗೆ ಬಂದರು. ದೊಡ್ಡಪ್ಪ ಹೆದರಿದ್ದು ನಾಲ್ಕು ಮಂದಿಗೆ. ಅಲ್ಲಿ ನಲವತ್ತು ಮಂದಿ ಇದ್ದರು. ಎರಡನೆಯ ಕಿಲೋಮೀಟರು ಮುಗಿಯುವಾಗ ಪಕ್ಕೆ ಹಿಡಿಯಿತು. ನಿಂತುಬಿಡುತ್ತೇನೆ ಅನಿಸಿತು. ಆಗ ಹಿಂದಿನಿಂದ ಒಂದು ದನಿ.

"ಲಗೂನ! ಹೊತ್ತ ಐತಿ, ಇನ್ನಾ ಹೊತ್ತ ಐತಿ! ನಿಂದರಬ್ಯಾಡ!"

ಅಪ್ಪ. ಅರ್ಧ ಮೈ ಜೀಪಿನ ಹೊರಗೆ ಹಾಕಿ, ಕೈಗಡಿಯಾರ ನೋಡುತ್ತ ಗಂಟಲು ಹರಿಯುವಂತೆ ಕೂಗುತ್ತಿದ್ದ. ಅಪ್ಪ ಅಷ್ಟು ದೊಡ್ಡದಾಗಿ ಕೂಗಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಅಲ್ಲಿಂದ ಮುಂದಿನ ಮೂರನೆಯ ಕಲ್ಲು ಮುಟ್ಟಿ ಜೀಪು ಹತ್ತಿದೆ.

"ನಾಚಿಕಿ ಆಗಲಿಲ್ಲೇನ ನಿನಗ?" ಎಂದರು ದೊಡ್ಡಪ್ಪ.

"ದಮ್ಮ ಹತ್ತಿತ್ರಿ. ನಾಚಿಕಿಗೆ ಪುರಸೊತ್ತ ಇರಲಿಲ್ಲ."

ಅವರು ಅಪ್ಪನ ಕಡೆ ತಿರುಗಿ, "ಕೇಳಿದೇನ ನಿನ್ನ ಮಗಳ ಮಾತ?" ಎಂದರು.

"ಕೇಳಿನಿ, ಅಣ್ಣ" ಎಂದ ಅಪ್ಪ. ಈ ಸಲ ನೆಲ ನೋಡಲಿಲ್ಲ. "ಭರತಿಗೆ ನಾನಽ ಕರ್ಕೊಂಡ ಹೋಗ್ತೀನಿ."