ಫ್ಲಾರೆನ್ಸಿನಲ್ಲಿ ತೆರೆಯದ ಮೆಸೇಜು

ಅಮೆರಿಕದ ನಮ್ಮ ಬಾಥೆಲ್ ಊರಿನ ಚಂದ್ರಮೌಳಿ ನಿಯಮ ಮುರಿಯುವ ಪೈಕಿ ಅಲ್ಲ, ನಿಯಮದಲ್ಲಿ ಸಂದು ಹುಡುಕುವ ಪೈಕಿ. ಏಕಾದಶಿಯ ದಿನ ಉಪ್ಪಿಟ್ಟು, ಅವಲಕ್ಕಿ, ರಸಾಯನ ಅಂತ ಮೂರು ಹೊತ್ತೂ ಹೊಟ್ಟೆ ಬಿರಿಯ ತಿಂದು, "ಅನ್ನ ಮುಟ್ಟಿಲ್ಲ, ಉಪವಾಸ" ಎನ್ನುತ್ತಾನೆ. ವಿಮಾನದ ಬಿಡಿಭಾಗ ಪರೀಕ್ಷಿಸುವ ಕೆಲಸದಲ್ಲಿ ಹತ್ತೊಂಬತ್ತು ವರ್ಷ ಸವೆಸಿದವನಿಗೆ, ಯಾವ ಕಾಗದದಲ್ಲಿ ಏನು ಬರೆದಿಲ್ಲ ಎಂಬುದೇ ಮೊದಲು ಕಾಣುವುದು. ಇಷ್ಟಕ್ಕೇ ನಿಂತಿದ್ದರೆ ನಾವೆಲ್ಲ ನಕ್ಕು ಸುಮ್ಮನಾಗುತ್ತಿದ್ದೆವು. ಮುಂದಿನದನ್ನು ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಅವನೇ ನನಗೆ ಹೇಳಿದ. ಕೇಳಿದಾಗ ನಗು ಬರಲಿಲ್ಲ, ಸಿಟ್ಟು ಬಂತು.

ಅವನ ಹೆಂಡತಿ ವೇದಾ ಮೈಸೂರಿನವಳು. ಶನಿವಾರ ಮನೆಯ ಗರಾಜಿನಲ್ಲಿ ಮಕ್ಕಳಿಗೆ ಮೈಸೂರು ಶೈಲಿಯ ಚಿತ್ರ ಬರೆಯುವುದನ್ನು, ಚಿನ್ನದ ರೇಕು ಅಂಟಿಸುವುದನ್ನು ಹೇಳಿಕೊಡುತ್ತಾಳೆ. ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡವಳನ್ನು ಸಾಕಿ, ಓದಿಸಿ, ಮದುವೆಯ ದಿನ ಮಂಟಪಕ್ಕೆ ಎತ್ತಿಕೊಂಡು ಬಂದವರು ಸೋದರಮಾವ. ಅವಳ ಬಾಯಲ್ಲಿ ದಿನಕ್ಕೊಂದು ಸಲವಾದರೂ ಮಾವನ ಹೆಸರು ಬರಲೇಬೇಕು.

ಹೋದ ಜೂನ್‌ನಲ್ಲಿ ಗಂಡ ಹೆಂಡತಿ ಇಟಲಿಗೆ ಹೋದರು. ಫ್ಲಾರೆನ್ಸಿನಲ್ಲಿ ಅವರಿಗೆ ಇದ್ದದ್ದು ಒಂದೇ ದಿನ. ಗೈಡ್ ಜೊತೆ ಬೆಳಿಗ್ಗೆ ಚಿತ್ರಶಾಲೆ, ಮಧ್ಯಾಹ್ನ ಊರು ಸುತ್ತುವುದು, ಸಂಜೆ ಊಟ, ಎಲ್ಲವೂ ನಾಲ್ಕು ತಿಂಗಳ ಮುಂಚೆ ಬುಕ್ ಆಗಿತ್ತು. ಅಲ್ಲಿನ ಹಳೆಯ ಚಿತ್ರಗಳಲ್ಲೂ ಚಿನ್ನದ ರೇಕು ಇರುತ್ತದೆಂದು ಓದಿದಾಗಿನಿಂದ ವೇದಾ ಆ ದಿನಕ್ಕಾಗಿ ಕಾದಿದ್ದಳು.

ಅವತ್ತು ಬೆಳಿಗ್ಗೆ ಏಳಕ್ಕೆ ಅವಳು ಸ್ನಾನಕ್ಕೆ ಹೋಗಿದ್ದಾಗ ಚಂದ್ರಮೌಳಿಯ ಫೋನಿನ ಮೇಲೆ ಮೆಸೇಜು ಮೂಡಿತು. ಕಳಿಸಿದವನು ಮಾವನ ಮಗ ಶರತ್. "ಭಾವ, ಅಪ್ಪ ಬೆಳಗಿನ ಜಾವ ಹೋಗ್ಬಿಟ್ರು. ವೇದಕ್ಕಂಗೆ ನೀವೇ ಮೆಲ್ಲಗೆ ಹೇಳಿ, ಅಲ್ಲೀವರ್ಗೂ ಗ್ರೂಪಲ್ಲಿ ಹಾಕಲ್ಲ. ಮೂರು ಗಂಟೆಗೆ ತಗೊಂಡೋಗ್ತೀವಿ. ಅಷ್ಟರಲ್ಲಿ ವೀಡಿಯೋ ಕಾಲ್ ಮಾಡಿದ್ರೆ ಮುಖ ತೋರಿಸ್ತೀನಿ."

ಮೈಸೂರಿನ ಮೂರು ಗಂಟೆ ಎಂದರೆ ಅಲ್ಲಿಯ ಹನ್ನೊಂದೂವರೆ. ಲೆಕ್ಕ ಅವನಿಗೆ ತಕ್ಷಣ ಹೊಳೆಯಿತು. ಜೊತೆಗೆ ಇನ್ನೊಂದೂ ಹೊಳೆಯಿತು. ದೂರದಲ್ಲಿ ಇರುವವರಿಗೆ ಸುದ್ದಿ ಕಿವಿಗೆ ಬಿದ್ದ ಮೇಲೆಯೇ ಮೈಲಿಗೆ, ಬೀಳುವ ತನಕ ಇಲ್ಲ ಎಂದು ಅವನ ಅಜ್ಜಿ ಹೇಳುತ್ತಿದ್ದರು. ಮೆಸೇಜನ್ನು ಅವನು ತೆರೆಯಲಿಲ್ಲ. ತೆರೆಯದಿದ್ದರೆ ಶರತ್‌ನ ಫೋನಿನಲ್ಲಿ ನೀಲಿ ಗುರುತು ಬರುವುದಿಲ್ಲ. ಸಂಜೆ ಹೇಳಿದರಾಯಿತು, ಒಂದು ದಿನವಾದರೂ ಅವಳು ಖುಷಿಯಾಗಿರಲಿ ಎಂದುಕೊಂಡ. ಖುಷಿ ಅವಳದೋ, ನಾಲ್ಕು ತಿಂಗಳ ಬುಕಿಂಗ್‌ನದೋ ಎಂದು ಈಗ ಕೇಳಿದರೆ ಅವನು ತಲೆ ತಗ್ಗಿಸುತ್ತಾನೆ.

ಚಿತ್ರಶಾಲೆಯಲ್ಲಿ ಬಂಗಾರದ ಹಿನ್ನೆಲೆಯಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡ ಮಾತೆಯ ದೊಡ್ಡ ಚಿತ್ರದ ಎದುರು ವೇದಾ ಕಣ್ಣೊರೆಸಿಕೊಂಡಳು. ಏಳುನೂರು ವರ್ಷದ ಹಿಂದೆ ರೇಕು ಹೇಗೆ ಅಂಟಿಸುತ್ತಿದ್ದರೆಂದು ಗೈಡ್ ವಿವರಿಸಿದಾಗ, ತಾನು ಹೇಗೆ ಅಂಟಿಸುತ್ತೇನೆಂದು ವೇದಾ ಗೈಡ್‌ಗೇ ತಿರುಗಿ ಪಾಠ ಹೇಳಿದಳು. ಗೈಡ್ ಮೆಚ್ಚಿ ಇಬ್ಬರದೂ ಫೋಟೋ ತೆಗೆಸಿದಳು. ಚಂದ್ರಮೌಳಿಯ ಜೇಬಿನಲ್ಲಿ ಫೋನು ಸದ್ದಿಲ್ಲದೆ ಎರಡು ಸಲ ನಡುಗಿತು.

"ರೀ, ಹಾಟ್‌ಸ್ಪಾಟ್ ಕೊಡಿ, ಫ್ಯಾಮಿಲಿ ಗ್ರೂಪ್‌ಗೆ ಫೋಟೋ ಹಾಕ್ತೀನಿ. ಮಾವ ನೋಡ್ಲಿ," ಎಂದಳು.

ಗಂಟೆ ಹನ್ನೊಂದು. ಇನ್ನೂ ಅರ್ಧ ಗಂಟೆಯಿತ್ತು. ಹೇಳಿದ್ದರೆ ಅವಳು ಅಲ್ಲೇ ಒಂದು ಮೂಲೆಯಲ್ಲಿ ಕೂತು ಮಾವನ ಮುಖ ನೋಡಿ ಅಳಬಹುದಿತ್ತು. ಫೋಟೋ ಹಾಕುವುದು ಬೇಡವೆಂದಿದ್ದರೂ ಅವಳ ಮಾನ ಉಳಿಯುತ್ತಿತ್ತು. ಅವನು ಹಾಟ್‌ಸ್ಪಾಟ್ ಕೊಟ್ಟ. ಹಲ್ಲೆಲ್ಲ ಕಾಣುವಂತೆ ನಗುವ ಆರು ಫೋಟೋಗಳು ಮೈಸೂರಿನ ಆ ಮನೆಗೆ ಹೋದವು. ಆಗ ಮಾವನನ್ನು ಹಾಲ್‌ನಲ್ಲಿ ಮಲಗಿಸಿದ್ದರು.

ಸಂಜೆಯ ಊಟಕ್ಕೆ ಟೊಮೇಟೊ ಬ್ರೆಡ್ಡಿನ ಗಂಜಿಯಂಥದ್ದು, ಪಾಸ್ತಾ, ಬಾದಾಮಿಯ ಸಿಹಿ ಬಂತು. "ಮಾವಂಗೆ ಶುಗರ್ ಇದ್ರೂ ಇದನ್ನ ಬಿಡಲ್ಲ, ಒಂದು ಡಬ್ಬಿ ತಗೊಂಡೋಗೋಣ ರೀ," ಎಂದಳು. ಅವನು ಬಿಲ್ ತರಿಸಿದ. ಇನ್ನೂ ಬೆಳಕಿದ್ದಾಗಲೇ ಹೋಟೆಲಿಗೆ ಬಂದು, ಆಗತಾನೆ ನೋಡಿದವನಂತೆ ಮೆಸೇಜು ತೆರೆದು, ಹೇಳಿದ. ವೇದಾ ಬಟ್ಟೆ ಸಮೇತ ಷವರಿನ ಕೆಳಗೆ ಹೋಗಿ ನಿಂತಳು.

ಮರುದಿನ ಫೋನಿನಲ್ಲಿ ಮಾವನ ಹೆಂಡತಿ ಕಮಲಾಕ್ಷತ್ತೆ ಬೆಂಕಿಯಾಗಿದ್ದರು. ಹೆಣ ಮನೆಯಲ್ಲಿರುವಾಗ ಫೋಟೋ ಕಳಿಸಿದಳಲ್ಲ, ಗೊತ್ತಿದ್ದೂ ಮುಚ್ಚಿಟ್ಟನಲ್ಲ ಆ ಗಂಡ ಎಂದು ಬಾಯಿಗೆ ಬಂದಂತೆ ಬೈದರು. ವೇದಾ ಬಿಡಲಿಲ್ಲ. "ಶರತ್ ಫೋನ್ ನೋಡಿ ಅತ್ತೆ, ಸಂಜೆವರ್ಗೂ ಅವ್ರು ಓದೇ ಇಲ್ಲ. ಮಾವನಾಣೆ, ನಮ್ಮನೆಯವ್ರು ಅಂಥೋರಲ್ಲ," ಎಂದಳು. ಪಕ್ಕದಲ್ಲೇ ನಿಂತು ಅವನು ಕೇಳಿಸಿಕೊಂಡ.

ಬಾಥೆಲ್‌ಗೆ ಮರಳಿ ಮೂರು ವಾರವಾದ ಮೇಲೆ, ಒಂದು ಶನಿವಾರ ಬೆಳಿಗ್ಗೆ ಮಕ್ಕಳಿಗೆ ಕ್ಲಾಸ್ ಇಲ್ಲ ಎಂದು ವೇದಾ ಮೆಸೇಜು ಕಳಿಸುತ್ತಿದ್ದಳು. ಯಾಕೆಂದು ಕೇಳಿದ.

"ಕೈ ಬರ್ತಿಲ್ಲ ರೀ. ಫ್ಲಾರೆನ್ಸ್ ಫೋಟೋನೆಲ್ಲ ಡಿಲೀಟ್ ಮಾಡಿದೀನಿ. ಮಾವ ಹಂಗೆ ಮಲಗಿರುವಾಗ ಹಲ್ ಕಿರಿದೋಳು ನಾನು. ಒಂದ್ ಸಲ ಮನೆಗೆ ಫೋನ್ ಮಾಡ್ಬೇಕು ಅಂತ ಅನ್ನಿಸ್ಲೇ ಇಲ್ವಲ್ಲ."

ತನ್ನ ತಪ್ಪನ್ನು ಅವಳು ಹೊತ್ತುಕೊಂಡು ತಿರುಗುತ್ತಿದ್ದಾಳೆಂದು ಆಗ ಅವನಿಗೆ ನಾಟಿತು. ಎಲ್ಲವನ್ನೂ ಹೇಳಿದ. ಏಳು ಗಂಟೆ, ಹನ್ನೊಂದು ಗಂಟೆ, ಹಾಟ್‌ಸ್ಪಾಟ್, ಯಾವುದನ್ನೂ ಬಿಡಲಿಲ್ಲ.

ವೇದಾ ಕೂಗಾಡಲಿಲ್ಲ. "ನಿಮಗೋಸ್ಕರ ಮಾವನ ಮೇಲೆ ಆಣೆ ಇಟ್ಟೆ," ಎಂದಳು. ಆಮೇಲೆ ಮೈಸೂರಿಗೆ ಫೋನ್ ಹಚ್ಚಿ, ಸ್ಪೀಕರ್ ಒತ್ತಿ ಅವನ ಮುಂದಿಟ್ಟಳು. "ಅತ್ತೆಗೆ ನೀವೇ ಹೇಳಿ."

ಅವನು ಹೆಸರು ಹೇಳುತ್ತಿದ್ದ ಹಾಗೆ ಕಮಲಾಕ್ಷತ್ತೆ ಶುರುಮಾಡಿದರು. "ಮೌಳಿಯವ್ರಾ? ನಾನೇ ಮಾಡ್ಬೇಕು ಅಂತಿದ್ದೆ ಕಣಪ್ಪಾ, ಮುಖ ಇರ್ಲಿಲ್ಲ. ಅವತ್ತು ದುಃಖದಲ್ಲಿ ನಿಮ್ಮನ್ನ ಏನೇನೋ ಅಂದ್ಬಿಟ್ಟೆ. ಹಿರಿಯಳಾಗಿ ಹಂಗೆ ಅನ್ನಬಾರ್ದಿತ್ತು. ತಪ್ಪಾಯ್ತು, ಮನಸ್ಸಲ್ಲಿ ಇಟ್ಕೋಬೇಡಿ."

ಅತ್ತೆಯೇ ಕ್ಷಮೆ ಕೇಳಿಯಾಗಿತ್ತು. ಇರಲಿ ಬಿಡಿ ಎಂದು ಒಂದು ಮಾತು ಹೇಳಿ ಫೋನ್ ಇಟ್ಟುಬಿಡುವಷ್ಟು ಸಂದು ಎದುರಿಗೇ ಇತ್ತು. ವೇದಾ ಅವನನ್ನೇ ನೋಡುತ್ತಿದ್ದಳು.

"ಅತ್ತೆ," ಎಂದ ಚಂದ್ರಮೌಳಿ, "ಅವತ್ತು ನೀವು ಅಂದಿದ್ದೆಲ್ಲ ಸರಿಯಾಗೇ ಇತ್ತು."