ತಂತಿ ಬೇಡದ ಟವರ್

ಸ್ಟೇಷನ್ ರಸ್ತೆಯ ನನ್ನ ಅಂಗಡಿಯಲ್ಲಿ ಇವತ್ತು ಮೇಜಿನ ಖಾನೆಯೊಳಗೆ ಕತ್ತರಿ ಹುಡುಕುತ್ತಿದ್ದೆ. ಕೈಗೆ ಸಿಕ್ಕಿದ್ದು ತಂತಿ ಬಿಗಿಯುವ ಕಬ್ಬಿಣದ ತಿರುಪು. ಒಂದಲ್ಲ, ಸುತಳಿಯಿಂದ ಕಟ್ಟಿದ ಮೂರು. ಗ್ರೀಸಿನ ವಾಸನೆ ಇನ್ನೂ ಹೋಗಿರಲಿಲ್ಲ. ಹತ್ತು ವರ್ಷ ಒಮ್ಮೆಯೂ ಬಳಸದ ಸಾಮಾನು ನೋಡಿ ನನಗೆ ನಾಚಿಕೆಯಾಯಿತು ಎಂದರೆ ನೀವು ನಗುತ್ತೀರಿ.

ಅವನ್ನು ತಂದವನು ಸಂಗಪ್ಪ. ಸಾರವಾಡದವನು, ನನ್ನ ಶಾಲೆಯ ಗೆಳೆಯ, ವೈರ್‌ಲೆಸ್ ಇಂಟರ್ನೆಟ್ ಕೊಡುವ ಈ ಕಸುಬಿನಲ್ಲಿ ಆಗ ಪಾಲುದಾರ. ಕಂಬ ಏರುವ ಕೆಲಸ ಅವನದು, ಕೆಳಗೆ ನಿಂತು ಹುಷಾರು ಎಂದು ಕೂಗುವ ಕೆಲಸ ನನ್ನದು. ಏಣಿಯ ನಾಲ್ಕನೇ ಮೆಟ್ಟಿಲಿಗೇ ನನಗೆ ತಲೆ ತಿರುಗುತ್ತದೆ. ಆದರೂ ಟವರಿನ ವಿಷಯದಲ್ಲಿ ನಾನೇ ಪಂಡಿತ.

ಸಾರವಾಡದಲ್ಲಿ ಆಂಟೆನಾ ಏರಿಸಿದರೆ ಸುತ್ತಲಿನ ಊರುಗಳಿಗೂ ಸಿಗ್ನಲ್ ದಾಟಿಸಬಹುದಿತ್ತು. ಎಳೆತಂತಿಗಳ ಆಸರೆಯ ಕಂಬ ಸಾಕು ಎಂದ ಸಂಗಪ್ಪ. ಅದಕ್ಕೆ ಮೂರು ದಿಕ್ಕಿಗೆ ತಂತಿ ಎಳೆದು, ಮೂರು ಮನೆಯವರ ಹಿತ್ತಲಲ್ಲಿ ಗೂಟ ಹೂಳಬೇಕು. ಅವನು ಮೂರೂ ಮನೆಗೆ ಹೋಗಿ, ಚಹಾ ಕುಡಿದು, ಎಲೆ ಅಡಿಕೆ ಕೊಟ್ಟು ಒಪ್ಪಿಸಿ ಬಂದ. ಎಲೆ ಅಡಿಕೆ ಕೊಟ್ಟ ಮೇಲೆ ನಮ್ಮ ಕಡೆ ಬೇರೆ ಕಾಗದಪತ್ರ ಕೇಳುವುದಿಲ್ಲ. ಒಂದು ಮನೆಯ ಅಜ್ಜಿಯಂತೂ ಗೂಟದ ಜಾಗಕ್ಕೆ ಆಗಲೇ ಕುಂಕುಮ ಹಾಕಿದ್ದಳಂತೆ.

ನನ್ನ ವಿಚಾರ ಬೇರೆ. ಆ ತಂತಿಗೆ ಯಾರಾದರೂ ಎಮ್ಮೆ ಕಟ್ಟುತ್ತಾರೆ, ಇಲ್ಲವೇ ಟ್ರ್ಯಾಕ್ಟರ್ ತಿರುಗಿಸುವಾಗ ತಾಗಿಸುತ್ತಾರೆ. ಆಂಟೆನಾ ಸ್ವಲ್ಪ ಓರೆಯಾದರೂ ಸಿಗ್ನಲ್ ಹೋಯಿತು. ಮೂರು ಕಾಲಿನ, ತಂತಿಯ ಹಂಗಿಲ್ಲದೆ ನಿಲ್ಲುವ ಟವರೇ ಸರಿ. ಎರೆಮಣ್ಣು ಬೇಸಿಗೆಗೆ ಬಿರಿದು ಮಳೆಗೆ ಉಬ್ಬುತ್ತದೆ, ಬುನಾದಿ ಎಷ್ಟು ಆಳ ಬೇಕು, ಎಷ್ಟು ಆಂಟೆನಾ ಹೊರಬೇಕು, ಆಷಾಢದ ಗಾಳಿ ತಡೆದೀತೇ, ಎಲ್ಲ ನೋಡಿ ಆರಿಸಿದೆ. ಸಂಗಪ್ಪ ತಿಕೋಟಾಕ್ಕೆ ರಿಪೇರಿಗೆ ಹೋಗಿದ್ದ ದಿನ ಅವನಿಗೆ ತಿಳಿಸದೆ ಆರ್ಡರ್ ಕೊಟ್ಟುಬಿಟ್ಟೆ. ಹೇಳಿದರೆ ವಾದಕ್ಕೆ ನಿಲ್ಲುತ್ತಾನೆಂಬ ಅಂಜಿಕೆ.

ಲಾರಿಯಿಂದ ಕಬ್ಬಿಣ ಇಳಿಯುವಾಗಲೇ ಅವನಿಗೆ ಗೊತ್ತಾದದ್ದು.

"ಲೇ, ಟವರ್ ಚಲೋನ ಆರಿಸೀದಿ," ಅಂದ. "ಆದ್ರ ಮೂರು ಮನಿಗೆ ಎಲಿ ಅಡಿಕಿ ಕೊಟ್ಟೇನಿ. ಈಗ ಆ ಓಣ್ಯಾಗ ನಾ ಯಾವ ಮಾರಿ ಹೊತ್ತು ಅಡ್ಡಾಡ್ಲಿ?"

ಆ ಮೂರು ಮನೆಗೆ ಹೋಗಿ ತಪ್ಪು ನನ್ನದು ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ನಾಳೆ, ನಾಳಿದ್ದು ಎನ್ನುತ್ತ ಉಳಿದೆ. ಸಂಗಪ್ಪ ಟವರಿನ ಕೊನೆಯ ಬೋಲ್ಟನ್ನು ತಾನೇ ಬಿಗಿದು, ಇಳಿದು ಬಂದು, ಕಂಬ ಏರುವಾಗ ಕಟ್ಟುವ ಸೊಂಟದ ಬೆಲ್ಟು ನನ್ನ ಕೈಗಿಟ್ಟು ಹೋದ. ಈಗ ಬಬಲೇಶ್ವರದಲ್ಲಿ ಮೋಟಾರು ರಿಪೇರಿ ಮಾಡುತ್ತಾನೆ.

ಟವರ್ ಇಂದಿಗೂ ಒಂದಿಷ್ಟೂ ವಾಲಿಲ್ಲ. ನನಗೆ ಚುಚ್ಚುವುದೂ ಅದೇ. ಬಿದ್ದಿದ್ದರೆ, ಬಿದ್ದ ಕಬ್ಬಿಣದ ಮುಂದೆ ನಿಂತು ತಪ್ಪಾಯಿತು ಎನ್ನುವುದು ಸುಲಭವಿತ್ತು.

ತಿರುಪುಗಳನ್ನು ಮೇಜಿನ ಮೇಲಿಟ್ಟು ಫೋನ್ ಮಾಡಿದೆ. ಸಾರವಾಡಕ್ಕೆ ಬಾ, ಮೂರೂ ಮನೆಗೆ ಇಬ್ಬರೂ ಹೋಗೋಣ, ಈ ಸಲ ಎಲೆ ಅಡಿಕೆ ನನ್ನದು ಎಂದೆ. ಕುಂಕುಮ ಹಾಕಿದ್ದ ಅಜ್ಜಿ ತೀರಿಹೋಗಿ ಎಷ್ಟೋ ದಿನವಾಯಿತು ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ.

"ಇರ್ಲಿ ಬಿಡ್ರಿ," ಅಂದ.

ಅಂದು ಅಷ್ಟು ನೊಂದಾಗಲೂ ನನ್ನನ್ನು 'ಲೇ' ಎಂದವನು ಇವತ್ತು 'ರಿ' ಹಚ್ಚಿದ. ಎಲೆ ಅಡಿಕೆ ತಂದಿಟ್ಟಿದ್ದೇನೆ. ನಾಳೆ ಮುಂಜಾನೆಯ ಬಸ್ಸಿಗೆ ಸಾರವಾಡಕ್ಕೆ ಹೋಗುತ್ತೇನೆ, ಒಬ್ಬನೇ.