ಸೇವಂತಿಗೆಯೊಳಗಿನ ಹಳದಿ ಜೇಡ

ಸೇವಂತಿಗೆಯ ಕಹಿ ಘಮ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಭಕ್ತಿ ಬರುವುದಿಲ್ಲ, ಸಿಟ್ಟು ಬರುತ್ತದೆ. ಗಜೇಂದ್ರಗಡದ ನಮ್ಮ ಹಳೆಯ ಮನೆಯ ಹಿತ್ತಲು, ಬಚ್ಚಲ ನೀರು ಹರಿದು ಸದಾ ತಂಪಾಗಿದ್ದ ಎರೆಮಣ್ಣು, ಅಲ್ಲಿ ಚಿಗವ್ವ ತನ್ನ ತವರು ರಾಜೂರಿನಿಂದ ಬುಟ್ಟಿಯಲ್ಲಿ ತಂದು ನೆಟ್ಟ ಹಳದಿ ಸೇವಂತಿಗೆ. ಚಿಗವ್ವನೆಂದರೆ ಕಾಕಾನ ಹೊಸ ಹೆಂಡತಿ. ನನ್ನ ಜಡೆ ಹೆಣೆಯುವಾಗ ಕೂದಲು ಜಗ್ಗದ ಕೈ ಆ ಮನೆಯಲ್ಲಿ ಅವಳದೊಂದೇ. ಗಿಡ ಬಿಟ್ಟ ಮೊದಲ ಹೂವನ್ನು ಕಾಕಾ ದೇವರ ಜಗಲಿಗೆ ಇಡದೆ ಅವಳ ಮುಡಿಗೆ ಸಿಕ್ಕಿಸಿದ. ಅಂದು ಗಂಟಿಕ್ಕಿದ ಅಜ್ಜಿಯ ಹುಬ್ಬು ಮತ್ತೆ ಸಡಿಲಲಿಲ್ಲ.

ಕಾಕಾ ಜ್ವರ ಬಂದು ಮಲಗಿದ ವಾರವೇ ಹೂಗಳ ಮೇಲೆ ಜೇನ್ನೊಣಗಳು ಕೂತಲ್ಲೇ ಸಾಯತೊಡಗಿದವು. ಮುಟ್ಟಿದರೆ ಹೊಟ್ಟಿನಷ್ಟು ಹಗುರ. ಅಜ್ಜಿ ಓಣಿಗೆಲ್ಲ ಕೇಳುವಂತೆ ಕೂಗಿದಳು: “ಈಕಿ ಹಚ್ಚಿದ ಗಿಡದಾಗ ಹುಳಾ ಸೈತ ಬದುಕವಲ್ವು. ಇದು ಈಕಿ ಕಾಲ್ಗುಣ! ನಾಳಿ ನನ್ನ ಮಗನ್ನೂ ನುಂಗ್ತಾಳ. ತವರಿಗೆ ಹೋಗ್ಲಿ ಮೊದಲ!”

ಮಧ್ಯಾಹ್ನ ನಾನು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ಹೂವಿನದೇ ಬಣ್ಣದ ಒಂದು ಜೇಡ, ಏಡಿಯ ಹಾಗೆ ಮುಂಗಾಲು ಅಗಲಿಸಿಕೊಂಡು ಎಸಳ ನಡುವೆ ಅಡಗಿತ್ತು. ಬಲೆಯಿಲ್ಲ, ಎಳೆಯಿಲ್ಲ. ಬಂದು ಕೂತ ಜೇನ್ನೊಣವನ್ನು ಗಪ್ಪನೆ ಹಿಡಿದು ಹೀರತೊಡಗಿತು. ಚಿಗವ್ವ ಗೆದ್ದಳೆಂದು ಹೂ ಕಿತ್ತುಕೊಂಡು ಓಡಿದೆ. ಪಡಸಾಲೆಯಲ್ಲಿ ಅಜ್ಜಿ ಒಬ್ಬಳೇ ಇದ್ದಳು.

“ಅಜ್ಜಿ, ಚಿಗವ್ವ ಅಲ್ಲಬೇ, ಈ ಜ್ಯಾಡ ಕೊಲ್ಲಾಕತ್ತೈತಿ, ನೋಡಿಲ್ಲೆ!”

ಅಜ್ಜಿ ನೋಡಿದಳು. ಚೆನ್ನಾಗಿಯೇ ನೋಡಿದಳು. ಹೆಬ್ಬೆರಳಿನಿಂದ ಅದನ್ನು ಹೊಸಕಿ, ಬೆರಳನ್ನು ನನ್ನ ಲಂಗಕ್ಕೆ ಒರೆಸಿದಳು. “ನೀ ಏನೂ ನೋಡಿಲ್ಲ. ಬಾಯಿ ಬಿಟ್ಟಿ ಅಂದ್ರ ನಿಮ್ಮವ್ವನ್ನೂ ತವರಿಗೆ ಕಳಸ್ತೀನಿ.”

ಮೂರನೆಯ ದಿನ ಚಿಗವ್ವನ ಅಣ್ಣ ಚಕ್ಕಡಿ ಕಟ್ಟಿಕೊಂಡು ಬಂದ. ಕಾಕಾ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಹೊಸ್ತಿಲಲ್ಲಿ ಅವಳು ನನ್ನ ಮುಂದೆ ಬಗ್ಗಿ, “ದಿನಾ ಹಿತ್ತಲದಾಗ ಆಡ್ತಿದ್ದೆಲ್ಲವ್ವಾ, ಏನರ ನೋಡೀಯೇನು? ನೋಡಿದ್ರ ಹೇಳವ್ವ” ಎಂದಳು. ನನ್ನ ಹೆಗಲ ಮೇಲೆ ಅಜ್ಜಿಯ ಕೈಯಿತ್ತು. ಇಲ್ಲ ಎಂದು ತಲೆ ಅಲ್ಲಾಡಿಸಿದೆ.

ರಾಜೂರೇನು ಏಳು ಸಮುದ್ರದಾಚೆ ಇರಲಿಲ್ಲ. ಆದರೂ ಜ್ವರ ಬಿಟ್ಟೆದ್ದ ಕಾಕಾ ಅವಳನ್ನು ಕರೆತರಲಿಲ್ಲ. ಆ ಮನೆ ಈಗಿಲ್ಲ, ಹಿತ್ತಲಿದ್ದಲ್ಲಿ ಅಂಗಡಿಗಳ ಸಾಲು. ನಿಮಗೂ ಕಳೆದುಹೋದ ಮನೆಯೊಂದು ಇದ್ದೀತು. ನೆನೆದು ಅಳುವ ಪುಣ್ಯ ನಿಮ್ಮದಾಗಿರಲಿ. ಅಜ್ಜಿಯ ಫೋಟೋಕ್ಕೆ ನಾನು ಇಂದಿಗೂ ಹೂ ಏರಿಸುವುದಿಲ್ಲ. ಸಿಟ್ಟು ಅವಳೊಬ್ಬಳ ಮೇಲೆಂದು ಮನೆಯವರು ತಿಳಿದಿದ್ದಾರೆ. ನಾನು ತಲೆ ಅಲ್ಲಾಡಿಸಿದಾಗ ಜಡೆ ಬಿಚ್ಚಿಹೋಗಿತ್ತು. ಚಿಗವ್ವ ಚಕ್ಕಡಿ ಹತ್ತುವ ಮೊದಲು ಅದನ್ನು ಮತ್ತೆ ಹೆಣೆದಳು, ಒಂದು ಕೂದಲೂ ಜಗ್ಗದ ಹಾಗೆ.